ಸಾವಿನ ಮನೆಗೆ ಬಂದ ಸಕ್ಕರೆ

ಬೀಹಿಯನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನವೇ ಮನೆಯಲ್ಲಿ ಸಕ್ಕರೆ ಸೇರತೊಡಗಿತು. ತಾಫ್ರಾವುತ್ ಬೆಟ್ಟಗಳ ಆ ಸೀಮೆಯಲ್ಲಿ ಮದುವೆಯಾಗಲಿ ಸಾವಾಗಲಿ, ಬರಿಗೈಯಲ್ಲಿ ಯಾರೂ ಹೊಸ್ತಿಲು ತುಳಿಯುವುದಿಲ್ಲ. ಬಂದವರೆಲ್ಲ ನೀಲಿ ಕಾಗದ ಸುತ್ತಿದ ಸಕ್ಕರೆ ಗಟ್ಟಿಯೊಂದನ್ನು ಗೋಡೆಗಾನಿಸಿಟ್ಟು ಕೂತರು. ಬೀಹಿಯ ಹೆಂಡತಿ ಇಜ್ಜಾ ಆ ರಾಶಿಯನ್ನೇ ನೋಡುತ್ತಿದ್ದಳು. ಗಂಡನನ್ನು ತಿಂದದ್ದು ಸಕ್ಕರೆ ಕಾಯಿಲೆ. ಮೊದಲು ಕಾಲ್ಬೆರಳು, ಆಮೇಲೆ ಮೊಣಕಾಲಿನವರೆಗೆ ಕಾಲು, ಕೊನೆಗೆ ಆಳನ್ನೇ.

ಅವಳು ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಸಕ್ಕರೆ ಪೆಟ್ಟಿಗೆಯೊಳಗಿರುತ್ತಿತ್ತು, ಬೀಗದ ಕೈ ಮಾವನ ಕೊರಳಲ್ಲಿ. ಬೆಳಿಗ್ಗೆ ಜವೆಗೋಧಿಯ ಅಂಬಲಿ, ಮಧ್ಯಾಹ್ನ ಜವೆಯ ರೊಟ್ಟಿಗೆ ಬೆಟ್ಟದ ಅರ್ಗನ್ ಬೀಜದ ಎಣ್ಣೆ, ಮಜ್ಜಿಗೆ. ಬೀಸುಕಲ್ಲು ತಿರುಗಿಸಿ ಅಂಗೈ ಜಡ್ಡುಗಟ್ಟುತ್ತಿತ್ತು. ಆಮೇಲೆ ರಸ್ತೆ ಬಂತು, ರಸ್ತೆಯ ಹಿಂದೆಯೇ ಅಂಗಡಿ. ಸರ್ಕಾರದ ಅಗ್ಗದ ಬಿಳಿ ಹಿಟ್ಟು, ಬಾಟಲಿ ಎಣ್ಣೆ, ಬೇಕಾದಷ್ಟು ಸಕ್ಕರೆ. ಜವೆ ಕತ್ತೆಗಳ ಪಾಲಾಯಿತು. ಬೀಸುವುದು ತಪ್ಪಿತೆಂದು ಇಜ್ಜಾಳೇ ಹಿಗ್ಗಿದ್ದಳು. ಹಸಿವು ಕಂಡ ಹೊಟ್ಟೆಗಳಿಗೆ ಅದು ಸುಗ್ಗಿಯೇ ಆಗಿತ್ತು; ಅದನ್ನು ಇವತ್ತಿಗೂ ಅವಳು ಅಲ್ಲಗಳೆಯಲಾರಳು.

ಮೂರನೆಯ ದಿನ ಅವಳು ಯಾರನ್ನೂ ಕೇಳದೆ ಪುದೀನ ಚಹಾವನ್ನು ಸಕ್ಕರೆಯಿಲ್ಲದೆ ಕಾಸಿ, ಜೊತೆಗೆ ದೊಡ್ಡ ಬೋಗುಣಿಯಲ್ಲಿ ಜವೆಯ ಅಂಬಲಿ ತಂದಿಟ್ಟಳು. ಮೊದಲ ಗುಟುಕಿಗೇ ಮುಖಗಳು ಕಿವುಚಿಕೊಂಡವು.

"ಸಕ್ಕರೆ ಮರೆತ್ಯಾ ಇಜ್ಜಾ?" ಎಂದಳು ನೆರೆಮನೆಯ ಮುದುಕಿ ತಾಮು.

"ಮರೀಲಿಲ್ಲ ತಾಮಕ್ಕ. ಹಾಕ್ಲಿಲ್ಲ."

"ಇಷ್ಟೊಂದು ಬಂದು ಬಿದ್ದಿದೆ," ಮೂಲೆಯಲ್ಲೊಬ್ಬಳು ಪಿಸುಗುಟ್ಟಿದಳು, "ಕೂಡಿಟ್ಟು ಮಾರ್ತಾಳೋ ಏನೋ."

ಮೈದುನ ಹಮ್ಮುವಿನ ಕಿವಿಗೆ ಅದು ಬಿತ್ತು. ಅವನಿಗೂ ಅಣ್ಣನದೇ ಕಾಯಿಲೆ. ಎದ್ದುಬಂದವನೇ ಸುತ್ತಿಗೆ ಹಿಡಿದು ಗಟ್ಟಿಯೊಂದನ್ನು ಒಡೆದ.

"ನೀನಾದ್ರೂ ಬಿಡೋ ಹಮ್ಮು," ಇಜ್ಜಾ ಮೆಲ್ಲಗೆ ಹೇಳಿದಳು.

"ಸುಮ್ನಿರಿ ಅತ್ತಿಗೆ. ನಮ್ಮಣ್ಣನ ಸಾವಿಗೆ ಕಹಿ ಚಹಾ ಕೊಟ್ರು ಅಂತ ಊರೆಲ್ಲ ಆಡ್ಕೋಬೇಕಾ?"

"ಆಡ್ಕೊಂಡ್ರೆ ಯಾರ ಕಾಲೂ ಹೋಗಲ್ಲ."

ಹಮ್ಮು ಸಕ್ಕರೆ ತುಂಡುಗಳನ್ನು ಚಹಾದ ಹೂಜಿಗೆ ಸುರಿದು, ಮೊದಲ ಲೋಟವನ್ನು ತಾನೇ ಬಗ್ಗಿಸಿಕೊಂಡು, ಎಲ್ಲರೆದುರು ಕುಡಿದ. ಬೋಗುಣಿಯಲ್ಲಿ ಅಂಬಲಿ ಕೆನೆಗಟ್ಟಿತು. ತಾಮು ಮುದುಕಿ ಮಾತ್ರ ಎರಡು ಚಮಚ ತಿಂದು, "ನಮ್ಮವ್ವನ ಕೈರುಚಿ ಹಿಂಗೇ ಇತ್ತು ಕಣೆ," ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಅವಳೂ ಸಿಹಿ ಚಹಾಕ್ಕೆ ಲೋಟ ಒಡ್ಡಿದಳು. ಇಜ್ಜಾ ಬಗ್ಗಿಸಿದಳು, ಬಂದವರನ್ನು ಬರಿಬಾಯಲ್ಲಿ ಕಳಿಸಿ ಅವಳಿಗೂ ಅಭ್ಯಾಸವಿರಲಿಲ್ಲ.

ಮರುವರ್ಷ ಬಾದಾಮಿ ಹೂ ಬಿಡುವ ಹೊತ್ತಿಗೆ ಹಮ್ಮುವಿನ ಕಣ್ಣು ಹೋಗಿತ್ತು. ಶುಕ್ರವಾರಗಳಂದು ಇಜ್ಜಾ ಅವನ ಕೈಹಿಡಿದು ಬೀಹಿಯ ಗೋರಿಗೆ ಕರೆದೊಯ್ಯುತ್ತಿದ್ದಳು.

"ಹೂ ಬಿಟ್ಟಿದೆಯಾ ಅತ್ತಿಗೆ?"

"ಬಿಟ್ಟಿದೆ. ಕಲ್ಲಿದೆ, ನೋಡ್ಕೊಂಡು ಕಾಲಿಡು," ಎಂದುಬಿಟ್ಟು ಅವಳು ತುಟಿ ಕಚ್ಚಿಕೊಂಡಳು.