ಮುನ್ನೂರರ ವಾಡಾ

"ಅವ್ವಾ, ಮತ್ತೊಮ್ಮೆ ಹೇಳ್ತೀನಿ. ಅಲ್ಲಿ ಕುರಿ ಅನಬ್ಯಾಡ, ಹಟ್ಟಿ ಅನಬ್ಯಾಡ," ಎಂದು ನಂದಾ ಜತ್ತದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ತಾಯಿಯ ಸೆರಗು ಸರಿಪಡಿಸಿದಳು.

ಸಾವಿತ್ರವ್ವನಿಗೆ ಸಿಟ್ಟು ಮೂಗಿನ ತುದಿಗೆ ಬಂತು. ತಮ್ಮೂರು ದರಿಬಡಚಿಯಿಂದ ಇಲ್ಲಿಯವರೆಗೆ ಇದು ನಾಲ್ಕನೆಯ ಸಲ. ಕುರಿ ಮಾರಿಯೇ ಓದಿ ನರ್ಸ್ ಆದವಳಿಗೆ ಈಗ ಕುರಿ ಎಂದರೆ ಮುಜುಗರ. ಆದರೆ ಏನು ಮಾಡುವುದು? ಹುಡುಗಿ ತನ್ನ ಜೊತೆಯಲ್ಲಿ ಕೆಲಸ ಮಾಡುವ ವಿಜಯನನ್ನು ಮೆಚ್ಚಿದ್ದಳು. ಅವನ ತಾಯಿ ಹೂಂ ಎಂದರೆ ಮದುವೆ, ಇಲ್ಲವಾದರೆ ಇಲ್ಲ. ತನ್ನ ಗಂಡ ಬೀರದೇವ ಮಂದೆ ಬಿಟ್ಟು ಬರುವಂತಿರಲಿಲ್ಲ. ಹೂಂ ಅನ್ನಿಸಿಕೊಂಡು ಬರುವ ಹೊಣೆ ಸಾವಿತ್ರವ್ವನ ತಲೆಗೇ ಬಿದ್ದಿತ್ತು.

ವಿಜಯನ ಮನೆ ರಾಜರ ಹಳೆಯ ಅರಮನೆ, ರಾಜವಾಡೆಯ ಬೆನ್ನಿಗಿದ್ದ ಓಣಿಯಲ್ಲಿತ್ತು. ಊರಿಗೆಲ್ಲ ಇಲ್ಲದ ಗತ್ತು ಆ ಓಣಿಗೆ. ಹಳೆಯ ಕಲ್ಲಿನ ಕಮಾನು, ಪಕ್ಕದಲ್ಲಿ ಗಾಜಿನ ಬಂಗಲೆ, ಅದರ ಪಕ್ಕ ಬ್ಯೂಟಿ ಪಾರ್ಲರು, ಕೇಕಿನ ಅಂಗಡಿ. ವಿಜಯನ ತಾಯಿ ಮಂಗಲಾಬಾಯಿ ಸಾಂಗ್ಲಿ ಪೇಟೆಯಲ್ಲಿ ಬೆಳೆದವಳು. ಓಣಿ ತೋರಿಸದೆ ಚಹಾ ಕೊಡುವವಳಲ್ಲ.

"ನೋಡ್ರಿ, ಇಲ್ಲಿ ರಾಜರ ಆನಿ ನೀರು ಕುಡೀತಿತ್ತು." ಅಲ್ಲೀಗ ಮೊಬೈಲ್ ಅಂಗಡಿ. "ಇಲ್ಲಿ ರಾಣಿಸಾಹೇಬರ ಮೇಣೆ ಇಳೀತಿತ್ತು." ಅಲ್ಲಿ ಸ್ಕೂಟರುಗಳು ನಿಂತಿದ್ದವು. ಎದುರಿನಿಂದ ಒಬ್ಬ ಹೆಂಗಸು ಉಣ್ಣೆಯ ಅಂಗಿ ತೊಟ್ಟ ಪುಟ್ಟ ನಾಯಿಯನ್ನು ಹಿಡಿದುಕೊಂಡು ಬಂದಳು. ಸಾವಿತ್ರವ್ವನ ಬಾಯಿಗೆ ಬಂದ ಮಾತನ್ನು ನಂದಾ ಮೊಣಕೈಯಿಂದ ತಿವಿದು ಒಳಗೇ ಕಳಿಸಿದಳು.

ಅಂತೂ ಮನೆಗೆ ಬಂದು ಸೋಫಾದ ಮೇಲೆ ಕುಳಿತದ್ದಾಯಿತು, ಚಹಾ ಬಂತು.

"ಮತ್ತ ನಿಮ್ಮ ಮನಿ ಹ್ಯಾಂಗೈತ್ರಿ ಊರಾಗ?" ಎಂದಳು ಮಂಗಲಾಬಾಯಿ.

ಹಟ್ಟಿ ಎನ್ನುವಂತಿಲ್ಲ. ಮಂದೆ ಹೊಡೆದುಕೊಂಡು ಮರಾಠಿ ಸೀಮೆಯಲ್ಲಿ ಇಪ್ಪತ್ತು ವರ್ಷ ಅಲೆದ ಸಾವಿತ್ರವ್ವನಿಗೆ ಆ ಕಡೆಯ ಕುರಿಗಾರರ ಮಾತು ನೆನಪಾಯಿತು. ಅವರು ಕುರಿ ಬೀಡುಬಿಟ್ಟ ಜಾಗಕ್ಕೆ ವಾಡಾ ಎನ್ನುತ್ತಾರೆ. ಶಹರದವರ ಮುಂದೆ ಮರಾಠಿಯೇ ಚೆಂದ ಅಂದುಕೊಂಡಳು.

"ಸಣ್ಣ ಮನಿ ಐತ್ರಿ. ಆದರ ನಾವು ಜಾಸ್ತಿ ಇರೂದು ವಾಡಾದಾಗ."

ಮಂಗಲಾಬಾಯಿಯ ಚಹಾದ ಕಪ್ ತುಟಿಯ ಹತ್ತಿರ ಹೋಗಿ ನಿಂತಿತು. ಅವಳಿಗೆ ಗೊತ್ತಿದ್ದ ವಾಡಾ ಒಂದೇ, ರಾಜರು ಇರುವಂಥದ್ದು.

"ವಾಡಾ? ನಿಮ್ಮ ಸ್ವಂತದ್ದ?"

"ಹೂನ್ರಿ. ನಮ್ಮ ಮಾವನಕಿಂತ ಹಿಂದಿನಿಂದ ಐತಿ."

"ಹಂಗಾರ ಭಾಳ ಮಂದಿ ಇರಬೇಕು."

"ಮುನ್ನೂರರ ಮ್ಯಾಲ ಆಗತೈತ್ರಿ."

"ಅಯ್ಯ, ಅಷ್ಟಕ್ಕೂ ಅಡಿಗಿ?"

"ಅಡಿಗಿ ಎಲ್ಲೀದ್ರಿ? ಮುಂಜಾನಿ ಹೊರಗ ಹೋಗಿ, ತಿಂದು, ಸಂಜಿಗಿ ಬರೂದು."

ದಿನಾ ಮುನ್ನೂರು ಜನ ಹೋಟೆಲಿಗೆ ಹೋಗುವ ಸಿರಿವಂತಿಕೆಯನ್ನು ನೆನೆದು ಮಂಗಲಾಬಾಯಿ ಸೋಫಾದ ತುದಿಗೆ ಸರಿದಳು. "ಕಾವಲಿಗಿ?"

"ನಾಕು ನಾಯಿ ಅದಾವ್ರಿ. ಅಂಗಿ ಹಾಕಿಲ್ಲ, ಅಷ್ಟ."

"ಆತು ಬಿಡ್ರಿ," ಎಂದು ಮಂಗಲಾಬಾಯಿ ಕೈ ಜೋಡಿಸಿದಳು. "ಈ ಸಂಬಂಧ ನಮಗ ಒಪ್ಪಿಗಿ. ನಿಶ್ಚಯ ನಿಮ್ಮ ವಾಡಾದಾಗ ಇಟ್ಟುಕೊಳ್ಳೂಣು. ಮಹಡಿ ಮ್ಯಾಲ ನಮ್ಮವರು, ಕೆಳಗ ನಿಮ್ಮವರು."

ಮಹಡಿ ಎಂದ ಕೂಡಲೇ ಸಾವಿತ್ರವ್ವನಿಗೆ ಎಲ್ಲ ಹೊಳೆಯಿತು. ಮಗಳ ಕಡೆ ನೋಡಿದಳು. ನಂದಾ ಮುಖ ತಗ್ಗಿಸಿದ್ದಳು. ಮೊದಲೇ ತಿಳಿದೂ ಸುಮ್ಮನಿದ್ದಾಳೆ. ಬಂದ ಕೆಲಸ ಆಗಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ತನ್ನನ್ನು ಸಾಕಿದ ಜೀವಗಳನ್ನು ಬಚ್ಚಿಟ್ಟು ಮಗಳನ್ನು ಕೊಡುವುದು ಅವಳ ಕೈಲಾಗಲಿಲ್ಲ.

"ಮಹಡಿ ಇಲ್ಲರಿ ಅಕ್ಕಾರ. ಮುನ್ನೂರೂ ಕುರಿ. ಕುರಿ ನಿಲ್ಲಸೂ ಜಾಗಾಕ್ಕ ವಾಡಾ ಅಂತೀವಿ. ಮೂರು ದಿನಕ್ಕೊಮ್ಮಿ ಎತ್ತಿಕೊಂಡು ಮುಂದ ಹೋಗ್ತೀವಿ."

ನಂದಾ ಕಣ್ಣು ಮುಚ್ಚಿಕೊಂಡಳು. ಬಾಗಿಲ ಬಳಿ ನಿಂತಿದ್ದ ವಿಜಯ ಮಾತ್ರ ತಡೆಯಲಾರದೆ ನಕ್ಕುಬಿಟ್ಟ.

"ಆಯೀ, ನಮ್ಮ ಮನಿ ಮೊದಲ ಏನಿತ್ತು? ನೀನೂ ಹೇಳಿಬಿಡು."

"ಸುಮ್ಮ ಕುಂದ್ರು!" ಎಂದು ಗದರಿದ ಮಂಗಲಾಬಾಯಿ, ಸಾವಿತ್ರವ್ವ ತನ್ನನ್ನೇ ನೋಡುತ್ತಿರುವುದನ್ನು ಕಂಡು ಸೆರಗಿನ ಅಂಚು ತಿರುವಿದಳು. "ರಾಜರ ಕುದುರಿ ಕಟ್ಟೂ ಜಾಗಾ. ನಮ್ಮ ಮಾವನವರು ಅವನ್ನ ತಿಕ್ಕತಿದ್ದರು."

ಬೆಳಗಿನಿಂದ ಮೊದಲ ಸಲ ಸಾವಿತ್ರವ್ವನಿಗೆ ತಿಳಿಯುವ ಮಾತು ಬಂದಿತ್ತು. "ಎಷ್ಟು ಕುದುರೀರಿ?"

"ಎರಡು," ಎಂದಳು ಮಂಗಲಾಬಾಯಿ. ಸ್ವಲ್ಪ ತಡೆದು, "ಒಂದು ಕುಂಟತಿತ್ತು," ಎಂದಳು.

"ಕುಂಟಿದರೂ ರಾಜರದಲ್ಲೇನ್ರಿ," ಎಂದು ಸಾವಿತ್ರವ್ವ ಮರ್ಯಾದೆ ಉಳಿಸಲು ಹೋಗಿ, ತಾನೇ ನಗು ತಡೆಯಲಾರದೆ ಹೋದಳು. ಮಂಗಲಾಬಾಯಿ ಒಂದು ಗಳಿಗೆ ಬಿಗಿದುಕೊಂಡೇ ಇದ್ದಳು. ಆಮೇಲೆ ಅವಳ ಹೊಟ್ಟೆಯೂ ಕುಲುಕಾಡಿತು. ನಂದಾ ಸೋಫಾದಿಂದ ಇಳಿದು ನೆಲದ ಮೇಲೆ ತಾಯಿಯ ಕಾಲ ಹತ್ತಿರ ಕುಳಿತುಬಿಟ್ಟಳು.

ನಗು ಮುಗಿದ ಮೇಲೆ ಮಂಗಲಾಬಾಯಿ ಕಣ್ಣೊರೆಸಿಕೊಂಡು ಎದ್ದು, ಗೋಡೆಯ ಕ್ಯಾಲೆಂಡರನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡಳು.

"ಹತ್ತನೇ ತಾರೀಖಿಗಿ ಎಲ್ಲಿರತೈತ್ರಿ ನಿಮ್ಮ ವಾಡಾ?"

"ಮೇವು ಎಲ್ಲಿ ಸಿಗತೈತೋ ಅಲ್ಲಿರಿ."

"ಹಿರ್ಯಾರು ಬರತಾರ, ಹೇಳಬೇಕಲ್ಲ. ಬಾಗಲಾ ಯಾವ ಕಡಿ?"

"ಬಾಗಲಾ ಇಲ್ಲರಿ ಅಕ್ಕಾರ. ಯಾವ ಕಡಿಂದ ಬಂದರೂ ಆತು."

ಮಂಗಲಾಬಾಯಿ ಪೆನ್ನು ತೆಗೆದುಕೊಂಡು ಹತ್ತರ ಸುತ್ತ ನಿಧಾನವಾಗಿ ಗೆರೆ ಎಳೆಯತೊಡಗಿದಳು.