ನೀರಿನ ಮೇಲೆ ತೇಲಿದ ಜೀನ್ಸ್

ಮಷಿನ್‌ಗಳು ನಿಂತವು, ಆದರೂ ನೀರಿನ ಮೇಲೆ ಇನ್ನೂ ಸಣ್ಣ ನಡುಕ, ತೊಟ್ಟಿಯ ಈ ಅಂಚಿನಿಂದ ಆ ಅಂಚಿಗೆ ಹೋಗಿ ತಿರುಗಿ ಬರುತ್ತಿದೆ, ತಡಿ ಮೈಲಾರಮ್ಮ, ಅವಸರ ಬ್ಯಾಡ, ಎಂದು ತನಗೆ ತಾನೇ ಹೇಳಿಕೊಂಡಳು — ಗೋಡೆಯಾಚೆ ಸಣ್ಣಬಸಪ್ಪನವರ ಜೀನ್ಸ್ ಶೆಡ್ಡಿನಲ್ಲಿ ನಲವತ್ತು ಹೊಲಿಗೆ ಮಷಿನ್ ಒಮ್ಮೆಲೇ ಸುಮ್ಮನಾದರೆ ರಾಯದುರ್ಗ ಎಂಥ ಮೌನದ ಊರು, ದೂರದ ಬಸ್ಸಿನ ಹಾರನ್ನು ಕೂಡ ಬಿಡಿಬಿಡಿಯಾಗಿ ಕೇಳುತ್ತದೆ — ಸ್ವಲ್ಪ ಹೊತ್ತು ಕರೆಂಟು ತೆಗೀರಿ ಯಜಮಾನ್ರ, ನೀರು ಅಲುಗಾಡಬಾರದು, ಎಂದು ಕೇಳಲು ಹೋದಾಗ ಅವರು ಯಾಕ ಎನ್ನಲಿಲ್ಲ, ಸೌಭಾಗ್ಯನ ಕಾಲಿಗೇನ್ರಿ, ಹತ್ತು ನಿಮಿಷ ತಗೋರ್ರಿ, ಎಂದು ತಾವೇ ಎದ್ದು ಸ್ವಿಚ್ಚು ಇಳಿಸಿದರು. ಆ ಸೌಭಾಗ್ಯ ಇಲ್ಲೇ ಸ್ಟೂಲಿನ ಮೇಲೆ ಕೂತಿದ್ದಾಳೆ, ಊರುಗೋಲು ಗೋಡೆಗೆ ಒರಗಿದೆ, ಒಂಬತ್ತು ವರ್ಷ ಅದೇ ಶೆಡ್ಡಿನಲ್ಲಿ ಜೀನ್ಸ್ ಹೊಲಿದ ಹುಡುಗಿ, ಕಣೇಕಲ್ಲಿನಿಂದ ಬರುವಾಗ ಆಟೋ ಮಗುಚಿ ಮೊಣಕಾಲಿನ ಕೆಳಗಿನದು ಹೋಯಿತು, ಬದಲಿಗೆ ಬಂದ ಕಾಲಿನ ಬಣ್ಣ ಯಾರ ಮೈಯದೂ ಅಲ್ಲ, ಮಾಸಿದ ಗೊಂಬೆಯ ಗುಲಾಬಿ — ಮುಚ್ಚಿ ಮುಚ್ಚಿ ಸಾಕಾಗೈತಿ ಅಕ್ಕ, ಇದನ್ನ ಜೀನ್ಸ್ ಮಾಡಿಕೊಡ್ರಿ, ಹಿಂದ ಕಿತ್ತಳೆ ದಾರದ ಜೋಡಿ ಹೊಲಿಗಿ ಬರ್ಲಿ, ಸೋಮವಾರ ಹಾಕ್ಕೊಂಡು ಕೆಲಸಕ್ಕ ಹೋಗ್ತೀನಿ, ಎಂದಿದ್ದಳು. ಮೈಲಾರಮ್ಮ ನೀರಿನ ಮೇಲೆ ಚಿತ್ತಾರದ ಹಾಳೆ ತೇಲಿಸಿ, ಅದರಲ್ಲಿ ಅದ್ದಿ ಹೆಲ್ಮೆಟ್ಟಿಗೆ ಚಿರತೆ ಚುಕ್ಕೆ ಹಾಕಿದ್ದಾಳೆ, ಬೈಕಿನ ಟ್ಯಾಂಕಿಗೆ ಮರದ ಗೆರೆ, ಕಾಲಿಗೆ ಯಾವತ್ತೂ ಹಾಕಿರಲಿಲ್ಲ, ಮೊನ್ನೆ ಮೊದಲ ಸಲ ಹಾಕಿದ್ದು ಕೆಟ್ಟಿತು, ಮಷಿನ್ನಿನ ಅದುರಾಟಕ್ಕೆ ಹೊಲಿಗೆ ಹಾವಿನಂತೆ ಹೊರಳಿತು, ಉಜ್ಜಿ ತೆಗೆದು ಮತ್ತೆ ಬಿಳಿ ಬಣ್ಣ ಹೊಡೆದದ್ದಾಯಿತು, ಚಿತ್ತಾರದ ಹಾಳೆ ಉಳಿದಿರುವುದು ಇದೊಂದೇ.

ನೀರು ನಿಂತಿತು. ಹಾಳೆಯ ಎರಡು ತುದಿ ಹಿಡಿದು ನಡುವಿನಿಂದ ಇಳಿಬಿಟ್ಟಳು, ಕೆಳಗೆ ಗಾಳಿಯ ಗುಳ್ಳೆ ಉಳಿಯಬಾರದು, ಅಂಟಿನ ಹಾಳೆ ನೆನೆದು ಕರಗುತ್ತಿದೆ, ಒಂದು, ಎರಡು, ಮೂರು — ಹಿಂದೆ ದುಡಿದ ಪೀಣ್ಯದ ಕಾರ್ಖಾನೆಯಲ್ಲೂ ಹೀಗೇ ಎಣಿಸುತ್ತಿದ್ದಳು, ಮನಸ್ಸಿನಲ್ಲೇ, ಅದ್ದುವವರೆಲ್ಲ ಗಂಡಸರು, ನೀನು ತೊಳಿಯಮ್ಮ ಸಾಕು, ಎಂದಿದ್ದ ಮೇಸ್ತ್ರಿ ತಿಪ್ಪೇರುದ್ರಪ್ಪ, ಆರು ವರ್ಷ ಅವರು ಅದ್ದಿದ್ದರ ಲೋಳೆ ತೊಳೆದಳು, ತೊಳೆಯುತ್ತಲೇ ಅವರ ಕೈ ಎಷ್ಟು ಓರೆಯಾಗಿ ಇಳಿಯುತ್ತದೆ, ಎಲ್ಲಿ ನಿಧಾನವಾಗುತ್ತದೆ ಎಂದು ನೋಡಿಕೊಂಡಳು, ಯಾರೂ ಕಲಿಸಲಿಲ್ಲ — ಈ ಹಾಳೆಗೆಂದು ಫೋನ್ ಮಾಡಿದಾಗ ಅದೇ ತಿಪ್ಪೇರುದ್ರಪ್ಪ, ಮುಳುಗ್ಸೋರು ಯಾರಮ್ಮ ಅಲ್ಲಿ, ಎಂದು ಕೇಳಿದ, ನಾನ ರೀ, ಎಂದಳು, ಒಳ್ಳೇ ಹಾಳೆ ನೋಡಿ ಕಳಿಸ್ತೀನಿ ಬಿಡು, ಎಂದ — ಐವತ್ತೊಂಬತ್ತು, ಅರವತ್ತು. ಬಣ್ಣ ಸಡಿಲಿಸುವ ದ್ರಾವಣ ಸಿಂಪಡಿಸಿದಳು, ಥಿನ್ನರಿನಂಥ ವಾಸನೆ ಮೂಗಿನ ಬಟ್ಟೆ ದಾಟಿ ಬಂತು, ಸುಕ್ಕು ಬಿಚ್ಚಿ ಬಣ್ಣ ಎಣ್ಣೆಯಂತೆ ಮಿನುಗಿತು, ನೀರಿನ ಮೇಲೊಂದು ಜೀನ್ಸು, ಉಸಿರು ಬಿಟ್ಟರೆ ಹರಿಯುವಂಥದ್ದು. ಕಾಲನ್ನು ಎತ್ತಿಕೊಂಡಳು, ಇಷ್ಟು ಹಗುರ, ಆ ಹುಡುಗಿಯ ಭಾರವನ್ನೆಲ್ಲ ಹೊರಬೇಕಾದದ್ದು, ಮೀನಖಂಡ ಕೆಳಮುಖ, ಹಿಮ್ಮಡಿ ಮೊದಲು, ಇಳಿದಂತೆಲ್ಲ ಕಿತ್ತಳೆ ಗೆರೆ ಕಾಲಿನಡಿ ಮರೆಯಾಗುತ್ತದೆ, ಇನ್ನು ಕಣ್ಣಿಗೆ ಕೆಲಸವಿಲ್ಲ, ಕೈಗೇ ಗೊತ್ತಿರಬೇಕು, ನಿಧಾನ, ಇನ್ನೂ ನಿಧಾನ, ಬಣ್ಣ ಎರಡೂ ಮಗ್ಗುಲಿಂದ ಏರಿ ಕಾಲಿನ ಮುಂಬದಿಯಲ್ಲಿ ಕೂಡಿಕೊಂಡಿತು, ಕಾಲು ಪೂರ್ತಿ ಮುಳುಗಿತು.

ಎತ್ತಿ, ತೊಳೆದು, ತಿರುಗಿಸಿ ನೋಡುವ ಧೈರ್ಯವಾಗದೆ ಹಾಗೇ ಸೌಭಾಗ್ಯಳ ಮುಂದೆ ಹಿಡಿದಳು, ಅವಳು ಮುಟ್ಟದೆ, ಬೆರಳನ್ನು ಒಂದಿಷ್ಟು ಮೇಲೆ ಹಿಡಿದೇ ಗೆರೆಯುದ್ದಕ್ಕೂ ಇಳಿಸಿದಳು, ತಪಾಸಣೆ ಮಾಡುವ ದರ್ಜಿಯ ಕಣ್ಣು, ಹಿಮ್ಮಡಿಯ ಹತ್ತಿರ ನಿಂತಳು — ಇಲ್ಲಿ ಗೆರಿ ಒಂದು ನೂಲಿನಷ್ಟು ಸರದೈತಿ ಅಕ್ಕ. ಮತ್ತೆ ಹಾಳೆ ತರಿಸ್ತೀನವ್ವ, ಎಂದಳು ಮೈಲಾರಮ್ಮ. ಬ್ಯಾಡ್ರಿ, ಕೈಯಿಂದ ಮಾಡಿದ್ದು ಅಂತ ಗೊತ್ತಾಗ್ಲಿ, ನಾನು ಹೊಲದಿದ್ರೂ ಇಷ್ಟ ನೆಟ್ಟಗ ಬರ್ತಿದ್ದಿಲ್ಲ — ಒಂಬತ್ತು ವರ್ಷ ಹೊಲಿದವಳ ಬಾಯಿಂದ ಬಂದ ಮಾತು, ಪೀಣ್ಯದಲ್ಲಿ ಯಾರೂ ಹೇಳದ ಮಾತು, ಮೈಲಾರಮ್ಮ ಹೊಳಪಿನ ಲೇಪದ ಡಬ್ಬಿ ಬಿಚ್ಚಿದಳು. ಹೊಳಪಿನ ಲೇಪ ಎರಡು ದಿನ ಒಣಗಿತು, ಈಗ ಸೋಮವಾರ, ಬಿಸಿಲು, ಸೌಭಾಗ್ಯ ಪಟ್ಟಿ ಬಿಗಿದುಕೊಂಡು ಎದ್ದಿದ್ದಾಳೆ, ಚೂಡಿದಾರದ ಪ್ಯಾಂಟನ್ನು ಆ ಒಂದು ಕಾಲಿಗೆ ಮಾತ್ರ ಮೊಣಕಾಲಿನ ತನಕ ಮಡಚಿ, ಊರುಗೋಲು ಇಲ್ಲೇ ಬಿಟ್ಟು, ಹೋಗಿ ಬರ್ತೀನ್ರಿ ಅಕ್ಕ, ಎಂದು ಶೆಡ್ಡಿನ ಬಾಗಿಲ ಕಡೆ ನಡೆದಿದ್ದಾಳೆ, ಬಾಗಿಲಲ್ಲಿ ಹುಡುಗಿಯರ ಗುಂಪು, ಯಾರೋ ಏನೋ ಅಂದರು, ಮೈಲಾರಮ್ಮನಿಗೆ ಅದೊಂದೂ ಕೇಳಿಸದು, ಅವಳಿಗೆ ಕಾಣುವುದು ಹಿಮ್ಮಡಿಯಿಂದ ಮೊಣಕಾಲಿಗೆ ಏರುವ ಆ ಗೆರೆ, ಹೆಜ್ಜೆ, ಗೆರೆ, ಮತ್ತೆ ಹೆಜ್ಜೆ, ಬಿಸಿಲಿನಲ್ಲಿ ಉರಿಯುವ ಕಿತ್ತಳೆ ಗೆರೆ —