ಸೊಸೆ ನೆಟ್ಟ ಬೆಣ್ಣೆಬಟ್ಟಲು

ಚಿಕ್ಕಬೋರಮ್ಮನಿಗೆ ನೀರಿನ ಮೇಲಿದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ. ಯಲಿಯೂರಿನಲ್ಲೇ ಹುಟ್ಟಿ, ಯಲಿಯೂರಿಗೇ ಸೊಸೆಯಾಗಿ, ನಾಲೆ ನೀರಿನಲ್ಲಿ ಭತ್ತ ಕಬ್ಬು ಬೆಳೆದ ಹೆಂಗಸು. ಪೈರು ಹಳದಿ ತಿರುಗಿತೇ, ನೀರು ಕಟ್ಟು. ಬಳ್ಳಿ ಬಾಡಿತೇ, ನೀರು ಹುಯ್ಯಿ. ಇದರಾಚೆಗೆ ಬೇಸಾಯದಲ್ಲಿ ಕಲಿಯುವುದು ಇನ್ನೇನಿದೆ ಎಂದು ಅವಳ ವಾದ. ಆ ವಾದಕ್ಕೆ ಮನೆಯಲ್ಲಿ ಯಾರೂ ಎದುರಾಡಿದ್ದಿಲ್ಲ, ಮಗ ಪುನೀತನ ಹೆಂಡತಿ ದೀಪಿಕ ಬರುವ ತನಕ.

ದೀಪಿಕಳ ಅಪ್ಪ ಕೆಂಪಸಿದ್ದಯ್ಯ ಮಳವಳ್ಳಿ ಕಡೆಯವನು. ನೀಲಗಿರಿ ಬೆಟ್ಟದ ಕೋಟಗಿರಿಯ ಟೀ ತೋಟವೊಂದರಲ್ಲಿ ಲಾರಿ ಓಡಿಸಿಕೊಂಡಿದ್ದ. ಅವನು ತೀರಿಕೊಂಡ ಮೇಲೆ ತೋಟದ ಮನೆ ಬಿಟ್ಟು ಅವಳ ತಾಯಿ ಮಳವಳ್ಳಿಗೆ ಬಂದುಬಿಟ್ಟಳು. ಸಾಮಾನು ಕಟ್ಟಲು ಹೋಗಿದ್ದ ದೀಪಿಕ, ಮನೆ ಹಿಂದಿನ ಹುಲ್ಲುದಿಬ್ಬದಲ್ಲಿ ಒಣಗಿ ನಿಂತಿದ್ದ ಕಾಡುಗಿಡದ ಬೀಜವನ್ನು ಸೆರಗಿಗೆ ಉದುರಿಸಿಕೊಂಡು ಬಂದಳು. ಬಟರ್‌ಕಪ್ ಅಂತೆ ಅದರ ಹೆಸರು. ಎಣ್ಣೆ ಸವರಿದ ಹಾಗೆ ಹೊಳೆಯುವ ಹಳದಿ ಹೂವು. ಅವಳು ಚಿಕ್ಕವಳಿದ್ದಾಗ ಅಪ್ಪ ಕೆಲಸ ಮುಗಿಸಿ ಬರುವಾಗ ಒಂದು ಹಿಡಿ ಕಿತ್ತು ತಂದು ಅವಳ ಕೈಗೆ ಕೊಡುತ್ತಿದ್ದನಂತೆ. ಆ ದಿಬ್ಬವನ್ನು ಈಗ ಜೆಸಿಬಿ ಬಿಟ್ಟು ಮಟ್ಟ ಮಾಡಿದ್ದಾರೆ.

"ಅದೇನು ಕಪ್ಪೋ ಗಿಪ್ಪೋ, ಬೆಣ್ಣೆಬಟ್ಲು ಅನ್ನು" ಎಂದು ಚಿಕ್ಕಬೋರಮ್ಮ ನಾಮಕರಣ ಮಾಡಿದಳು.

ದೀಪಾವಳಿ ಕಳೆದು ಚಳಿ ಶುರುವಾದಾಗ ದೀಪಿಕ ಬಿತ್ತನೆಗೆ ಕೂತಳು. ಬಚ್ಚಲ ಹಿಂದಿನ ನೆರಳಿನಲ್ಲಿ, ತಳ ತೂತು ಮಾಡಿದ ಬಕೆಟ್ಟಿಗೆ ಎಲೆಗೊಬ್ಬರ, ಮರಳು ತುಂಬಿದಳು. ಬೀಜವನ್ನು ಹೂಳಲಿಲ್ಲ. ಮೇಲೆ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ, ಒದ್ದೆ ಗೋಣಿಚೀಲ ಹೊದಿಸಿದಳು. ಮೊಳಕೆ ಕಾಣುವ ಹೊತ್ತಿಗೆ ತಿಂಗಳ ಮೇಲಾಗಿತ್ತು.

"ರಾಗಿ ಚೆಲ್ಲಿದ್ರೆ ಇಷ್ಟೊತ್ಗೆ ಪೈರು ನಾಟಿ ಮಾಡ್ಬೋದಾಗಿತ್ತು ಕಣವ್ವ" ಎಂದು ಅತ್ತೆ ಛೇಡಿಸಿದಳು. ಎಲೆ ಬಂದಾಗ ಕೊತ್ತಂಬರಿಯ ಅಣ್ಣನ ಹಾಗಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಹಿತ್ತಿಲ ಆಡು ಇದಕ್ಕೆ ಬಾಯಿ ಹಾಕಿ, ನಾಲಿಗೆ ಉರಿದು, ತಲೆ ಕೊಡವಿ ಹೋದದ್ದು ಮತ್ತೆ ಆ ಕಡೆ ತಿರುಗಲಿಲ್ಲ.

ಬಸುರಿಗೆ ಏಳು ತಿಂಗಳು ತುಂಬಿದಾಗ ದೀಪಿಕ ಹೆರಿಗೆಗೆಂದು ಮಳವಳ್ಳಿಗೆ ಹೊರಟಳು. ಹೊರಡುವ ಮುಂಚೆ ಅತ್ತೆಯನ್ನು ಬಕೆಟ್ಟಿನ ಹತ್ತಿರ ಕರೆದಳು.

"ಬಿಸ್ಲು ಏರ್ದಾಗ ಎಲೆ ಎಲ್ಲಾ ಒಣಗೋಯ್ತದೆ ಅತ್ತೆ. ಸತ್ತೋಯ್ತು ಅನ್ಕೋಬೇಡಿ. ಬೇರು ಮಲಗಿರ್ತದೆ. ನೀರು ಮಾತ್ರ ಉಯ್ಯಬೇಡಿ. ಮಳೆ ತಂಪಿಗೆ ಅದೇ ಎದ್ದು ಬತ್ತದೆ, ಚಳಿಗೆ ಊ ಬುಡ್ತದೆ."

"ಆಯ್ತು ಓಗವ್ವ, ನಾನೇನು ಗಿಡ ಕಾಣ್ದೋಳಾ?"

ಯುಗಾದಿ ಹೊತ್ತಿಗೆ ಎಲೆ ಹಳದಿಯಾಯಿತು. ಚಿಕ್ಕಬೋರಮ್ಮ ಸುಮ್ಮನಿದ್ದಳು. ಆಮೇಲೆ ದಂಟು ಬಾಗಿತು. ಬಸುರಿ ಕೈಯಾರೆ ನೆಟ್ಟದ್ದು ಬಾಡಬಾರದು ಎಂದು ಹಿಂದೆ ತನ್ನ ಅತ್ತೆ ಹೇಳುತ್ತಿದ್ದ ಮಾತು ಅವಳಿಗೆ ನೆನಪಾಯಿತು. ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದರೆ? ಒಂದು ಚೊಂಬು ನೀರು ಹುಯ್ದಳು. ಮಾರನೆಯ ದಿನ ಇನ್ನೊಂದು. ಗಿಡ ಏಳಲಿಲ್ಲ, ಅವಳ ಭಯ ಏರಿತು. ಆಮೇಲೆ ಬಿಂದಿಗೆಗಟ್ಟಲೆ ಹುಯ್ದಳು. ಸೊಸೆಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಗಿಡ ಕಾಣದವಳೇ ಎಂದು ಕೇಳಿದ ಬಾಯಿಯಲ್ಲಿ ಹೇಗೆ ಕೇಳುವುದು?

ಮಳವಳ್ಳಿಯಿಂದ ಸುದ್ದಿ ಬಂತು, ಹೆಣ್ಣು ಮಗು, ತಾಯಿ ಮಗು ಗಟ್ಟಿಮುಟ್ಟಾಗಿದ್ದಾರೆ. ಆ ಖುಷಿಯಲ್ಲಿ ಚಿಕ್ಕಬೋರಮ್ಮ ಹಿತ್ತಿಲಿಗೆ ಹೋಗಿ ಬಕೆಟ್ಟಿನ ಮಣ್ಣಿಗೆ ಬೆರಳು ಹಾಕಿದಳು. ಬೇರು ಬೆಂದ ಗೆಣಸಿನಂತೆ ಕೈಗೆ ಬಂತು, ನಾತ ಬೇರೆ.

"ಗಿಡ ಎಂಗದೆ ಅತ್ತೆ?" ಎಂದು ಬಾಣಂತಿ ಫೋನಿನಲ್ಲಿ ಕೇಳಿದಳು.

"ಚೆನ್ನಾಗದೆ ಕಣವ್ವ. ಮಲಗದೆ."

ಹಸಿ ಬಾಣಂತಿಯ ಮನಸ್ಸು ನೋಯಿಸಬಾರದೆಂದು ಆಡಿದ ಸುಳ್ಳು ಅದು. ಮುಂದಿನ ಸಲ ಕೇಳಿದಾಗಲೂ ಅದನ್ನೇ ಹೇಳಬೇಕಾಯಿತು.

ಮಳೆ ಹಿಡಿದಿದ್ದಾಗ ದೀಪಿಕ ಕೂಸಿನೊಂದಿಗೆ ಬಂದಳು. ದಿನಾ ಬೆಳಿಗ್ಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಕೆಟ್ಟಿನ ಪಕ್ಕ ಕೂರುತ್ತಿದ್ದಳು. ಅಡುಗೆಮನೆ ಬಾಗಿಲಿನಿಂದ ಅದನ್ನು ನೋಡುತ್ತ ನಿಂತ ಚಿಕ್ಕಬೋರಮ್ಮನ ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಇವತ್ತು ಹೇಳುತ್ತೇನೆ ಎಂದುಕೊಳ್ಳುವಳು, ಸೀದ ರೊಟ್ಟಿ ತೆಗೆಯಲು ಒಳಗೆ ಹೋಗಿಬಿಡುವಳು. ಗೌರಿ ಹಬ್ಬದ ಬೆಳಿಗ್ಗೆ ತಡೆಯಲಾರದೆ ಹೋಗಿ ಪಕ್ಕದಲ್ಲಿ ಕುಕ್ಕರಿಸಿದಳು.

"ಅದು ಏಳಾಕಿಲ್ಲ ಕಣವ್ವ. ನಾನೇ ನೀರು ಉಯ್ದು ಕೊಳೆಸ್ಬುಟ್ಟೆ. ನೀನು ಬಸ್ರಿ, ನಿನ್ನ ಗಿಡ ಬಾಡ್ತಿತ್ತು, ಎದ್ರಿಕೆ ಆಗೋಯ್ತು."

"ಗೊತ್ತು ಅತ್ತೆ" ಎಂದಳು ದೀಪಿಕ. "ಬಂದ ದಿನ್ವೇ ಮಣ್ಣು ಕೆದ್ಕಿ ನೋಡ್ದೆ."

"ಮತ್ತೆ ದಿನಾ ಬಂದು ಕೂತ್ಕತಿದ್ದೆಲ್ಲ?"

"ನೀವು ಬಂದು ಯೋಳ್ತೀರೇನೋ ಅಂತ."

ಸೊಸೆ ಎರಡು ಮಾತು ಬೈದುಬಿಟ್ಟರೆ ಸಾಕಾಗಿತ್ತು. ದೀಪಿಕ ಬೈಯಲಿಲ್ಲ. ಮಗುವಿನ ಕುಲಾವಿ ಸರಿಮಾಡಿದಳು.

"ಅವ್ವನ ತಾವ ಇನ್ನೊಂದು ಚಿಟಿಕೆ ಬೀಜ ಇತ್ತು ಅತ್ತೆ. ಗಿಡ ಚೆನ್ನಾಗದೆ ಅಂದ್ರಲ್ಲ, ತೊಟ್ಲು ಕಟ್ಟೋ ದಿನ ಮನೆ ಗುಡ್ಸುವಾಗ ಅದ ಯಾಕೆ ಇಟ್ಕೊಳ್ಳೋದು ಅಂತ ನಾನೇ ಕಸದ್ ಜೊತೇಲಿ ಆಚೆಗೆ ಆಕ್ಸಿದೆ."